ಊರು ಬಿಟ್ಟವರ ಸುಶಿ

ಮುಂಬಯಿಯ ತಾಜ್ ಹೋಟೆಲಿನಲ್ಲಿ 2004ರಲ್ಲಿ ಜಪಾನಿ ಊಟದ ವಿಭಾಗ ಶುರುವಾದಾಗ ನಮ್ಮ ಕನ್ನಡ ಬಳಗದವರು ನಕ್ಕಿದ್ದೇ ನಕ್ಕಿದ್ದು. ಅನ್ನದ ಮೇಲೆ ಹಸಿ ಮೀನು, ಅದಕ್ಕೆ ಅಷ್ಟು ದುಡ್ಡು! ಆದರೆ ಸುಶಿಯ ಚರಿತ್ರೆ ಓದಿದರೆ, ಊರು ಬಿಟ್ಟು ಬಂದ ನಮ್ಮಂಥವರಿಗೆ ಅದು ಅಷ್ಟೇನೂ ಪರಕೀಯ ಅನ್ನಿಸೋದಿಲ್ಲ.

ಮೊದಲು ಸುಶಿ ಎಂದರೆ ಮೀನನ್ನು ಅನ್ನದಲ್ಲಿ ಹುದುಗಿಸಿಟ್ಟು ತಿಂಗಳುಗಟ್ಟಲೆ ಹುಳಿ ಬರಿಸಿದ್ದು. ಬಿವಾ ಸರೋವರದ ಕಡೆ ಈಗಲೂ ಮಾಡುತ್ತಾರೆ. ಇಂದಿನ ಟೋಕಿಯೊಗೆ ಆಗ ಎದೊ ಎಂದು ಹೆಸರು. ಹೊಟ್ಟೆಪಾಡಿಗೆ ಬೇರೆ ಬೇರೆ ಸೀಮೆಗಳಿಂದ ಬಂದ ಗಂಡಸರು ಅಲ್ಲಿ ತುಂಬಿದ್ದರು. ಅವರಿಗೆ ಅಷ್ಟು ಕಾಯಲು ಪುರುಸೊತ್ತೆಲ್ಲಿ? 1820ರ ದಶಕದಲ್ಲಿ ಅನ್ನಕ್ಕೆ ವಿನೆಗರ್ ಬೆರೆಸಿ, ಮೀನಿನ ಹೋಳಿಟ್ಟು, ಕೈಯಲ್ಲೇ ಒತ್ತಿ ಕೊಡುವ ಸುಶಿ ಬಂತು. ಹನಾಯಾ ಯೊಹೆಯಿ ಎಂಬಾತ ಇದನ್ನು ರೂಢಿಗೆ ತಂದ ಎನ್ನುತ್ತಾರೆ. ಬೀದಿ ಗಾಡಿಯ ಮುಂದೆ ನಿಂತು ತಿಂದು ಹೋಗುವ ತಿಂಡಿ. ಪರೇಲ್, ಲಾಲಬಾಗಿನ ಬಟ್ಟೆಗಿರಣಿ ಕೆಲಸಗಾರರಿಗೆ ಖಾನಾವಳಿ ಇದ್ದ ಹಾಗೆ ಅಂತಿಟ್ಟುಕೊಳ್ಳಿ.

1923ರ ಸೆಪ್ಟೆಂಬರ್ 1ರಂದು ಭೂಕಂಪವಾಗಿ ಟೋಕಿಯೊ ಹೊತ್ತಿ ಉರಿಯಿತು. ಸತ್ತವರು ಲಕ್ಷಕ್ಕೂ ಮೇಲೆ. ಸುಶಿ ಮಾಡುವವರು ಅನೇಕರು ತಂತಮ್ಮ ಊರಿಗೆ ಹಿಂತಿರುಗಿ ಅಲ್ಲೇ ಅಂಗಡಿ ಹಾಕಿದರು. ರಾಜಧಾನಿಯ ತಿಂಡಿ ಹೀಗೆ ನಿರಾಶ್ರಿತರ ಜೊತೆ ದೇಶ ತಿರುಗಿತು.

ಯುದ್ಧ ಸೋತ ಮೇಲೆ ಅಕ್ಕಿಯೇ ಇಲ್ಲ. 1947ರಲ್ಲಿ ಸರ್ಕಾರ ಹೋಟೆಲುಗಳನ್ನು ಮುಚ್ಚಿಸಿತು. ಸುಶಿಯವರು ದಾರಿ ಹುಡುಕಿದರು: ನಾವು ಊಟ ಮಾರೋದಿಲ್ಲ, ಗಿರಾಕಿ ಒಂದು ಅಳತೆ ಅಕ್ಕಿ ತರಲಿ, ಸುಮಾರು 150 ಗ್ರಾಂ, ಹತ್ತು ಸುಶಿ ಮಾಡಿಕೊಟ್ಟು ಕೂಲಿ ಪಡೆಯುತ್ತೇವೆ. ನಾವು ಜೋಳ ಒಯ್ದು ಹಿಟ್ಟು ಬೀಸಿಸಿಕೊಂಡು ಬರೋದಿಲ್ಲವೇ, ಹಾಗೆ. ಸರಕಿಲ್ಲದೆ ಬರೀ ಕೂಲಿಯ ಮೇಲೆ ಕಸುಬು ಉಳಿಸಿದ ಈ ಲೆಕ್ಕಾಚಾರ ಬ್ಯಾಂಕಿನವನಾದ ನನಗೆ ಬಹಳ ಹಿಡಿಸಿತು. ಟೋಕಿಯೊದ ಈ ಏರ್ಪಾಡನ್ನೇ ಉಳಿದ ಕಡೆಯೂ ಒಪ್ಪಿದ್ದರಿಂದ ಟೋಕಿಯೊ ಸುಶಿಯೇ ಎಲ್ಲೆಡೆ ಮೇಲಾಯಿತು. ಒಸಾಕಾದ ಅಚ್ಚು ಸುಶಿಯಂಥವು ಹಿಂದೆ ಬಿದ್ದವು. ಅದು ನಷ್ಟವೇ ಸರಿ.

ಯುದ್ಧಾನಂತರ ಬೀದಿ ಗಾಡಿಗಳು ಮರೆಯಾದವು. ಗಿರಾಕಿ ಮತ್ತು ಬಾಣಸಿಗ ಎದುರುಬದುರಾಗುವ ಪದ್ಧತಿ ಮಾತ್ರ ಅಂಗಡಿಯೊಳಗಿನ ಮರದ ಕಟ್ಟೆಯ ಮುಂದೆ ಉಳಿಯಿತು. ಅಲ್ಲಿ ಕೂತು 'ಒಮಾಕಾಸೆ' ಅಂದರೆ ಆಯಿತು, 'ನಿಮಗೇ ಬಿಟ್ಟಿದ್ದು' ಅಂತ ಅರ್ಥ. ಅವತ್ತು ಯಾವ ಮೀನು ಚೆನ್ನಾಗಿದೆಯೋ ಅದನ್ನು ಆತ ಒಂದೊಂದೇ ತುತ್ತಾಗಿ ಮುಂದಿಡುತ್ತಾನೆ. 1965ರಲ್ಲಿ ಟೋಕಿಯೊದ ಗಿಂಜಾದಲ್ಲಿ ಜಿರೊ ಓನೊ ತೆರೆದ ಅಂಗಡಿ ಇಂಥದ್ದು, ನೆಲಮಾಳಿಗೆಯಲ್ಲಿ ಹತ್ತೇ ಆಸನ. 2007ರಲ್ಲಿ ಮಿಶೆಲಿನ್‌ನವರು ಮೂರು ನಕ್ಷತ್ರ ಕೊಟ್ಟರು. ಸಾರ್ವಜನಿಕರಿಗೆ ಜಾಗ ಸಿಗುವುದಿಲ್ಲವೆಂದು 2019ರಲ್ಲಿ ಪಟ್ಟಿಯಿಂದಲೇ ಕೈಬಿಟ್ಟರು. ಜಿರೊ ಕೂಡ ಟೋಕಿಯೊದವರಲ್ಲ, ಶಿಜುಓಕ ಕಡೆಯಿಂದ ಬಂದವರು.