ಬೆನ್ನು, ಕತ್ತು ಮತ್ತು ಒಂದು ಸಹಿ

ಊರಿನಿಂದ ಬಂದ ತಂದೆಗೋ ತಾಯಿಗೋ ಬೆನ್ನುನೋವು ಕಾಣಿಸಿಕೊಂಡರೆ ಅವರನ್ನು ಹತ್ತಿರದ ಕೈರೋಪ್ರಾಕ್ಟರ್ ಬಳಿಗೆ ಕರೆದುಕೊಂಡು ಹೋಗುವುದು ಅಮೆರಿಕದ ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಅಲ್ಲಿ ನಾಲ್ಕೈದು ಪುಟದ ಒಂದು ಫಾರಂ ಕೊಡುತ್ತಾರೆ. ಮಗ ಅದನ್ನು ತುಂಬಿ, "ಅಪ್ಪಾ, ಇಲ್ಲೊಂದು ಸೈನ್ ಹಾಕಿ" ಎನ್ನುತ್ತಾನೆ. ಅಪ್ಪ ಹಾಕುತ್ತಾರೆ. ಆ ಫಾರಂನ ಒಂದು ಮೂಲೆಯಲ್ಲಿ, ಕತ್ತಿನ ಚಿಕಿತ್ಸೆಯ ನಂತರ ಅಪರೂಪಕ್ಕೆ ಪಾರ್ಶ್ವವಾಯು ಆಗಿರುವುದುಂಟು ಎಂಬ ಒಂದೆರಡು ಸಾಲುಗಳಿರುತ್ತವೆ. ಮಗ ಓದಿರುವುದಿಲ್ಲ, ಅಪ್ಪನಿಗೆ ಯಾರೂ ಹೇಳಿರುವುದಿಲ್ಲ. ಆ ಸಾಲುಗಳು ಅಲ್ಲಿಗೆ ಬರಲು ಸುಮಾರು ನೂರು ವರ್ಷ ಹಿಡಿಯಿತು. ಆ ಚರಿತ್ರೆಯನ್ನು ಸ್ಥೂಲವಾಗಿ ಹೇಳುವುದು ಈ ಲೇಖನದ ಉದ್ದೇಶ.

ಡ್ಯಾವೆನ್‌ಪೋರ್ಟಿನಿಂದ ಆರಂಭ

ಕೈರೋಪ್ರಾಕ್ಟಿಕ್ ಹುಟ್ಟಿದ್ದು ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಎಂಬ ಮಿಸಿಸಿಪ್ಪಿ ದಡದ ಊರಿನಲ್ಲಿ, 1895ರಲ್ಲಿ. ಡಿ. ಡಿ. ಪಾಮರ್ ಎಂಬಾತ ಅಲ್ಲಿ ಅಯಸ್ಕಾಂತ ಶಕ್ತಿಯ ಹೆಸರಿನಲ್ಲಿ ಚಿಕಿತ್ಸೆ ಕೊಡುತ್ತಿದ್ದ. ಅದೇ ಕಟ್ಟಡದ ಜಾಡಮಾಲಿ ಹಾರ್ವೆ ಲಿಲಾರ್ಡ್‌ಗೆ ಕಿವಿ ಮಂದವಾಗಿತ್ತು. ಅವನ ಬೆನ್ನಿನಲ್ಲಿ ಸರಿದಿದ್ದ ಮೂಳೆಯೊಂದನ್ನು ಒತ್ತಿ ಕೂರಿಸಿದಾಗ ಕಿವಿ ಕೇಳಿಸಿತು ಎಂದು ಪಾಮರ್ ಹೇಳಿಕೊಂಡ. ಕಿವಿಯ ನರ ಬೆನ್ನುಮೂಳೆಯ ಹಾದಿಯಲ್ಲಿ ಹೋಗುವುದೇ ಇಲ್ಲವಾದ್ದರಿಂದ ವೈದ್ಯರು ಈ ಕಥೆಯನ್ನು ಅಂದಿನಿಂದಲೂ ಒಪ್ಪಿಲ್ಲ. ಆದರೂ 1897ರಲ್ಲಿ ಪಾಮರನ ಶಾಲೆ ಶುರುವಾಯಿತು. ಹೆಸರು ಬಂದದ್ದು ಗ್ರೀಕ್ ಭಾಷೆಯಿಂದ, ಕೈಯಿಂದ ಮಾಡುವ ಕೆಲಸ ಎಂಬ ಅರ್ಥದಲ್ಲಿ. ಆ ಪದದ ಮೊದಲ ಅಕ್ಷರ ನಮ್ಮ 'ಕೈ'ಯಂತೆಯೇ ಕೇಳಿಸುವುದು ಕೇವಲ ಕಾಕತಾಳೀಯ.

1906ರಲ್ಲಿ ಪರವಾನಗಿ ಇಲ್ಲದೆ ವೈದ್ಯ ಮಾಡಿದ ಆರೋಪದ ಮೇಲೆ ಪಾಮರ್ ಜೈಲಿಗೆ ಹೋದ. ಅವನ ಹಿಂದೆ ಅನೇಕರು ಹೋದರು. 1913ರಲ್ಲಿ ಕ್ಯಾನ್ಸಸ್ ಈ ವೃತ್ತಿಗೆ ಪರವಾನಗಿಯ ಕಾನೂನು ಮಾಡಿತು. ಕೊನೆಯ ರಾಜ್ಯವಾದ ಲೂಯಿಸಿಯಾನ ಮಾಡಿದ್ದು 1974ರಲ್ಲಿ. ಈ ನಡುವೆ 1963ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ನಕಲಿ ವೈದ್ಯದ ವಿರುದ್ಧ ಒಂದು ಸಮಿತಿ ಮಾಡಿ, ಕೈರೋಪ್ರಾಕ್ಟಿಕ್ಕನ್ನೇ ಇಲ್ಲವಾಗಿಸುವ ಗುರಿ ಇಟ್ಟುಕೊಂಡಿತು. 1976ರಲ್ಲಿ ಚೆಸ್ಟರ್ ವಿಲ್ಕ್ ಮತ್ತು ಇತರ ಕೈರೋಪ್ರಾಕ್ಟರುಗಳು ಶಿಕಾಗೋದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. 1987ರಲ್ಲಿ ನ್ಯಾಯಾಧೀಶೆ ಸೂಸನ್ ಗೆಟ್ಜೆಂಡಾನರ್, ಸಂಘವು ಕಾನೂನುಬಾಹಿರ ಬಹಿಷ್ಕಾರ ನಡೆಸಿದೆ ಎಂದು ತೀರ್ಪು ಕೊಟ್ಟರು. 1990ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆಗ ನಾನಿನ್ನೂ ರೆಸಿಡೆಂಟ್. ಊಟದ ಮೇಜಿನಲ್ಲಿ ಹಿರಿಯ ವೈದ್ಯರು ಸಿಡಿಮಿಡಿಗೊಂಡದ್ದು ನೆನಪಿದೆ. ಯಾರು ವಿಜ್ಞಾನಿ, ಯಾರು ಅಲ್ಲ ಎಂಬುದೇ ಅವರ ವಾದ. ರೋಗಿಗೆ ಏನನ್ನು ಹೇಳಬೇಕು ಎಂಬ ಮಾತು ಆ ಮೇಜಿಗೆ ಬರಲಿಲ್ಲ.

ಸಮ್ಮತಿಯ ದಾರಿ

ಆ ಮಾತನ್ನು ಎತ್ತಿದ್ದು ಎರಡೂ ಪಂಗಡದವರಲ್ಲ, ರೋಗಿಗಳು ಮತ್ತು ನ್ಯಾಯಾಲಯಗಳು. 1914ರ ಷ್ಲೋಯೆಂಡಾರ್ಫ್ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ಮಹಿಳೆಯೊಬ್ಬರು ಈಥರ್ ಕೊಟ್ಟು ಪರೀಕ್ಷೆ ಮಾಡಲು ಮಾತ್ರ ಒಪ್ಪಿದ್ದರು, ಗಡ್ಡೆಯನ್ನೇ ತೆಗೆದುಬಿಟ್ಟರು. ಪ್ರಾಪ್ತ ವಯಸ್ಸಿನ, ಬುದ್ಧಿ ಸ್ವಸ್ಥವಾಗಿರುವ ಪ್ರತಿಯೊಬ್ಬರಿಗೂ ತಮ್ಮ ದೇಹಕ್ಕೆ ಏನಾಗಬೇಕೆಂದು ನಿರ್ಧರಿಸುವ ಹಕ್ಕಿದೆ ಎಂದು ನ್ಯಾಯಮೂರ್ತಿ ಕಾರ್ಡೋಜೊ ಬರೆದರು. ಧರ್ಮಾಸ್ಪತ್ರೆ ಎಂಬ ಕಾರಣಕ್ಕೆ ಆ ಮಹಿಳೆ ಮೊಕದ್ದಮೆ ಸೋತರು, ಅವರಿಂದಾಗಿ ಹುಟ್ಟಿದ ತತ್ತ್ವ ಮಾತ್ರ ಉಳಿಯಿತು.

ಒಪ್ಪಿಗೆ ಇದ್ದರೆ ಸಾಲದು, ಅದು ತಿಳಿದು ಕೊಟ್ಟದ್ದಾಗಿರಬೇಕು ಎಂಬುದು ಮುಂದಿನ ಹೆಜ್ಜೆ. 'ಇನ್‌ಫಾರ್ಮ್ಡ್ ಕನ್ಸೆಂಟ್' ಎಂಬ ಪದ ನ್ಯಾಯಾಲಯದ ತೀರ್ಪಿನಲ್ಲಿ ಬಂದದ್ದು 1957ರಲ್ಲಿ, ಕ್ಯಾಲಿಫೋರ್ನಿಯಾದ ಸಾಲ್ಗೋ ಮೊಕದ್ದಮೆಯಲ್ಲಿ. ಮಹಾಧಮನಿಯ ಎಕ್ಸ್-ರೇಗಾಗಿ ಬೆನ್ನಿನ ಕಡೆಯಿಂದ ಸೂಜಿ ಹಾಕಿದ ಮೇಲೆ ಆ ರೋಗಿಯ ಕಾಲುಗಳ ಸ್ವಾಧೀನ ತಪ್ಪಿತ್ತು. 1972ರ ಕ್ಯಾಂಟರ್ಬರಿ ಮೊಕದ್ದಮೆಯೂ ಬೆನ್ನಿನದೇ. ಹತ್ತೊಂಬತ್ತು ವರ್ಷದ ಗುಮಾಸ್ತನೊಬ್ಬ ಬೆನ್ನುನೋವಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮರುದಿನ ಹಾಸಿಗೆಯಿಂದ ಬಿದ್ದು, ಸೊಂಟದ ಕೆಳಗೆ ಬಲ ಕಳೆದುಕೊಂಡ. ಶೇಕಡ ಒಂದರಷ್ಟಿದ್ದ ಆ ಅಪಾಯವನ್ನು ವೈದ್ಯರು ಮೊದಲು ಹೇಳಿರಲಿಲ್ಲ. ಬೇರೆ ವೈದ್ಯರು ಏನು ಹೇಳುತ್ತಿದ್ದರು ಎಂಬುದಲ್ಲ, ಸಾಮಾನ್ಯ ವಿವೇಕದ ರೋಗಿಗೆ ಏನು ತಿಳಿಯಬೇಕಾಗಿತ್ತು ಎಂಬುದೇ ಅಳತೆಗೋಲು ಎಂದಿತು ನ್ಯಾಯಾಲಯ. 1980ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ರೀಬಲ್ ಮೊಕದ್ದಮೆಯಲ್ಲಿ ಅದೇ ಹಾದಿ ಹಿಡಿಯಿತು. ಅಲ್ಲಿನ ರೋಗಿಗೆ ಪಾರ್ಶ್ವವಾಯು ಆದದ್ದು ಕತ್ತಿನ ರಕ್ತನಾಳದ ಶಸ್ತ್ರಚಿಕಿತ್ಸೆಯಿಂದ.

ಈ ಕರ್ತವ್ಯ ಕೈರೋಪ್ರಾಕ್ಟರುಗಳಿಗೂ ಇದೆಯೇ? ಕತ್ತಿನ ಚಿಕಿತ್ಸೆಯ ನಂತರ ಪಾರ್ಶ್ವವಾಯುವಿಗೆ ತುತ್ತಾದ ರೋಗಿಯ ಮೊಕದ್ದಮೆಯಲ್ಲಿ, ವೈದ್ಯರಿಗೆ ಇರುವಷ್ಟೇ ಕರ್ತವ್ಯ ಇವರಿಗೂ ಇದೆ ಎಂದು ವಿಸ್ಕಾನ್ಸಿನ್ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ನನ್ನ ದೃಷ್ಟಿಯಲ್ಲಿ ಇದು ಈ ವೃತ್ತಿಗೆ ಸಿಕ್ಕ ಗೌರವವೂ ಹೌದು. ಸಮಾನ ಸ್ಥಾನ ಕೇಳಿದವರಿಗೆ ಸಮಾನ ಹೊಣೆಯೂ ಬಂತು.

ಅಪಾಯ ಎಷ್ಟು?

ನಮ್ಮ ಊರಿನ ಕ್ಷೌರದಂಗಡಿಯಲ್ಲಿ ತಲೆಗೆ ಎಣ್ಣೆ ತಟ್ಟಿ, ಕತ್ತನ್ನು ಲಟಕ್ಕೆಂದು ತಿರುಗಿಸಿಸಿಕೊಂಡು ಬೆಳೆದವರು ನಾವು. ಆದ್ದರಿಂದ ಕತ್ತಿನ ಸದ್ದಿಗೆ ಹೆದರುವುದಿಲ್ಲ. ಆದರೆ ಕತ್ತಿನ ಮೂಳೆಗಳ ರಂಧ್ರಗಳ ಮೂಲಕ ಮೆದುಳಿನ ಹಿಂಭಾಗಕ್ಕೆ ಎರಡು ರಕ್ತನಾಳಗಳು ಹತ್ತಿ ಹೋಗುತ್ತವೆ. ಅವುಗಳ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು.

2008ರಲ್ಲಿ ಪ್ರಕಟವಾದ ಒಂಟಾರಿಯೋದ ಅಧ್ಯಯನ ಇಂಥ 818 ಪಾರ್ಶ್ವವಾಯುಗಳನ್ನು ಪರಿಶೀಲಿಸಿತು. ಅದಕ್ಕೆ ಮುಂಚೆ ಕೈರೋಪ್ರಾಕ್ಟರ್ ಬಳಿ ಹೋದವರಿಗೂ ಕುಟುಂಬ ವೈದ್ಯರ ಬಳಿ ಹೋದವರಿಗೂ ಸಂಬಂಧ ಒಂದೇ ತೆರನಾಗಿ ಕಂಡಿತು. ಅಂದರೆ ನಾಳ ಮೊದಲೇ ಹರಿದು, ಆ ನೋವಿಗಾಗಿಯೇ ಜನ ಚಿಕಿತ್ಸೆ ಹುಡುಕಿ ಬಂದಿರಬಹುದು. ಇದು ಕೈರೋಪ್ರಾಕ್ಟರುಗಳ ಪರವಾದ ಬಲವಾದ ವಾದ. ಆದರೆ ಹಾಗೆ ಹರಿದ ನಾಳದ ಕತ್ತನ್ನು ಎಳೆದು ತಿರುಗಿಸುವುದು ಕ್ಷೇಮವೆಂದು ಇದರಿಂದ ಸಿದ್ಧವಾಗುವುದಿಲ್ಲ. 2014ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಕಾರಣ ಸಿದ್ಧವಾಗಿಲ್ಲ, ಸಂಬಂಧವಂತೂ ಕಂಡಿದೆ, ಅದನ್ನು ರೋಗಿಗೆ ಮೊದಲೇ ತಿಳಿಸಬೇಕು ಎಂದಿತು. ಸೊಂಟದ ವಿಚಾರ ಬೇರೆ. 2017ರ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಮಾರ್ಗಸೂಚಿಯಲ್ಲಿ, ಸೊಂಟದ ನೋವಿಗೆ ಔಷಧಿಗೆ ಮುಂಚೆ ಪ್ರಯತ್ನಿಸಬಹುದಾದ ಉಪಾಯಗಳ ಪಟ್ಟಿಯಲ್ಲಿ ಕೈಚಿಕಿತ್ಸೆಯೂ ಇದೆ.

ಮಗನ ಸಹಿ, ತಾಯಿಯ ಸಹಿ

ನಾನು ಎಂಬಿಬಿಎಸ್ ಓದುವಾಗ ಸಮ್ಮತಿ ಎಂದರೆ ಕೇಸ್ ಶೀಟಿನ ಮೇಲೆ ಒಂದು ಹೆಬ್ಬೆಟ್ಟು. ಅನೇಕ ಸಲ ಅದು ರೋಗಿಯದಲ್ಲ, ಗಂಡನದೋ ಅಣ್ಣನದೋ ಆಗಿರುತ್ತಿತ್ತು. ಭಾರತದ ಸುಪ್ರೀಂ ಕೋರ್ಟ್ ಈ ಪದ್ಧತಿಯನ್ನು ನೇರವಾಗಿ ಎದುರಿಸಿದ್ದು 2008ರ ಸಮೀರಾ ಕೊಹ್ಲಿ ತೀರ್ಪಿನಲ್ಲಿ. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದಾಗ, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು, ಮಗಳ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದಿದ್ದರು. ಮಗಳು ಪ್ರಾಪ್ತವಯಸ್ಕಳು, ತುರ್ತು ಇರಲಿಲ್ಲ, ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ನ್ಯಾಯಾಲಯ ಹೇಳಿತು. ತೀರ್ಪು ಬರೆದವರು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಆರ್. ವಿ. ರವೀಂದ್ರನ್.

ಆದರೆ ಎಷ್ಟು ಹೇಳಬೇಕು ಎಂಬ ವಿಷಯದಲ್ಲಿ ಅದೇ ತೀರ್ಪು ಕ್ಯಾಂಟರ್ಬರಿಯ ಅಳತೆಯನ್ನು ಒಪ್ಪದೆ, ವೈದ್ಯರ ರೂಢಿಯನ್ನೇ ಆಧಾರವಾಗಿಟ್ಟುಕೊಳ್ಳುವ ಇಂಗ್ಲೆಂಡಿನ ಬೋಲಂ ಅಳತೆಯನ್ನು ಉಳಿಸಿಕೊಂಡಿತು. ಆ ಇಂಗ್ಲೆಂಡೇ 2015ರ ಮಾಂಟ್‌ಗೊಮರಿ ತೀರ್ಪಿನಲ್ಲಿ ಅದನ್ನು ಬಿಟ್ಟು ರೋಗಿಯ ಕಡೆಗೆ ತಿರುಗಿತು.

ಹಿರಿಯರಿಗೆ ಕೆಟ್ಟದ್ದನ್ನು ಹೇಳಬಾರದು, ಗಾಬರಿಯಾಗುತ್ತಾರೆ ಎಂಬ ಮಾತನ್ನು ನಮ್ಮವರಿಂದ ಎಷ್ಟೋ ಸಲ ಕೇಳಿದ್ದೇನೆ. ಅದರ ಹಿಂದಿರುವ ಪ್ರೀತಿ ನನಗೆ ಗೊತ್ತು. ಆದರೆ ತಿರುಗುವ ಕತ್ತು ಅವರದು. ಎಪ್ಪತ್ತೈದು ವರ್ಷ ಸಂಸಾರ, ಹೊಲಮನೆ, ಸಾಲಸೋಲ ನಿಭಾಯಿಸಿದವರು ಒಂದು ಅಪರೂಪದ ಅಪಾಯದ ಮಾತು ಕೇಳಿ ಕುಸಿದು ಬೀಳುವುದಿಲ್ಲ. ಫಾರಂ ಓದಿ ಕನ್ನಡದಲ್ಲಿ ಹೇಳಲು ಹತ್ತು ನಿಮಿಷ ಸಾಕು. ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳಾದರೆ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕೆಂಬ ನಿಯಮವೂ ಇದೆ, ಕೇಳಿ ಪಡೆಯಿರಿ.

ಕೈರೋಪ್ರಾಕ್ಟರಿಗೆ ಕೇಳಬೇಕಾದದ್ದು ಇಷ್ಟು: ಏನು ಮಾಡುತ್ತೀರಿ? ಏಕೆ? ಕತ್ತನ್ನು ತಿರುಗಿಸದೆ ಆಗುವುದಿಲ್ಲವೇ? ವ್ಯಾಯಾಮದಿಂದ ಅಥವಾ ಸ್ವಲ್ಪ ದಿನ ಕಾಯುವುದರಿಂದ ಏನಾಗಬಹುದು? ನಾವು ಹೇಳಬೇಕಾದದ್ದೂ ಇದೆ: ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತ, ಸಂಧಿವಾತ, ಹಿಂದೆ ಆದ ಕ್ಯಾನ್ಸರ್ ಇವನ್ನು ಮುಚ್ಚಿಡಬಾರದು. ಹಿಂದೆಂದೂ ಇಲ್ಲದಂಥ ಕತ್ತುನೋವು ಅಥವಾ ತಲೆನೋವು ದಿಢೀರನೆ ಬಂದಿದ್ದರೆ ಮೊದಲು ವೈದ್ಯರನ್ನು ನೋಡಿ. ಚಿಕಿತ್ಸೆಯ ನಂತರ ತಲೆ ತಿರುಗುವುದು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನಡಿಗೆ ತಪ್ಪುವುದು ಕಂಡರೆ ತಡಮಾಡದೆ 911ಕ್ಕೆ ಫೋನ್ ಮಾಡಿ.

ಸಹಿ ಹಾಕಿದ ಮೇಲೂ, ಮೇಜಿನ ಮೇಲೆ ಮಲಗಿದ ಮೇಲೂ, "ಬೇಡ" ಎನ್ನುವ ಹಕ್ಕು ರೋಗಿಗೆ ಇದ್ದೇ ಇರುತ್ತದೆ. ಅದನ್ನು ಅಪ್ಪ ಅಮ್ಮನಿಗೆ ಮುಂಚಿತವಾಗಿಯೇ ಹೇಳಿಡಿ.