ಮುರಿದ ಫೋರ್ಕ್ ಮತ್ತು ನನ್ನ ಹದಿನೆಂಟು ಸಾವಿರ

(1/6)
ಮಣ್ಣುರಸ್ತೆಯ ಲಾಂಗ್ ರೈಡ್‌ಗೆ ಯಾವ ಸೈಕಲ್ ತಗೊಳ್ಲಿ ಅಂತ ಕಳೆದ ವಾರ ಸ್ಟೋರಿಯಲ್ಲಿ ಕೇಳಿದ್ದೆ. "ಹಗುರ ಇರೋದು ತಗೋ ಮಗಾ" ಅಂದವರೇ ಜಾಸ್ತಿ. ನನ್ನ ಹತ್ರ ಇರೋದು ಟ್ಯೂಷನ್ ಹೇಳಿ ಉಳಿಸಿದ 18,000 ರೂಪಾಯಿ. ತಪ್ಪಾಗಿ ಆರಿಸಿದ್ರೆ ಇನ್ನೊಂದು ವರ್ಷ ಕಾಯಬೇಕು. ಅದಕ್ಕೇ ಸ್ವಲ್ಪ ಇತಿಹಾಸ ಓದಿದೆ. ಉದ್ದ ಇದೆ, ಸೇವ್ ಮಾಡ್ಕೊಳ್ಳಿ.

(2/6)
ಗ್ರಾವೆಲ್ ರೇಸ್ ಅನ್ನೋ ಹೆಸರು ಹೊಸದು, ಕಷ್ಟ ಹಳೇದು. 1903ರಲ್ಲಿ ಮೊದಲ ಟೂರ್ ದ ಫ್ರಾನ್ಸ್ ನಡೆದಾಗ ದಾರಿಯ ಬಹುಪಾಲು ಧೂಳು, ಜಲ್ಲಿ, ಕಲ್ಲು. ಒಟ್ಟು 2,428 ಕಿ.ಮೀ., ಆದರೆ ಹಂತಗಳು ಆರೇ. ಪ್ಯಾರಿಸ್‌ನಿಂದ ಲಿಯಾನ್‌ವರೆಗಿನ ಮೊದಲ ಹಂತವೊಂದೇ 467 ಕಿ.ಮೀ.! ಹೊರಟವರು 60 ಜನ, ಮುಗಿಸಿದವರು 21. ಆ ಕಾಲದ ಫೋಟೋಗಳನ್ನ ನೋಡಿ: ಬಿಡಿ ಟೈರುಗಳನ್ನ ಹೆಗಲಿಗೆ ಅಡ್ಡಲಾಗಿ ಸುತ್ತಿಕೊಂಡಿರ್ತಾರೆ. ಪಂಕ್ಚರ್ ಆದ್ರೆ ಅವರವರೇ ನೋಡ್ಕೋಬೇಕಿತ್ತು.

(3/6)
ಗೇರ್ ಕತೆ ಇನ್ನೂ ಮಜಾ. ಹಿಂದಿನ ಚಕ್ರದ ಎರಡೂ ಬದಿಗೆ ಬೇರೆ ಬೇರೆ ಅಳತೆಯ ಹಲ್ಲುಚಕ್ರ. ಬೆಟ್ಟ ಬಂದಾಗ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಬೇಕು. ಇಳಿಜಾರಿಗೆ ಮತ್ತೆ ಅದೇ ಕೆಲಸ. ಅಷ್ಟರಲ್ಲಾಗಲೇ ಡಿರೇಲರ್ ಬಂದಿತ್ತು, ಆದ್ರೂ ಸಂಘಟಕ ಆಂರಿ ದೆಗ್ರಾಂಜ್‌ಗೆ ಅದು ಇಷ್ಟವಿರಲಿಲ್ಲ. ಕಾಲಿನ ಶಕ್ತಿಯೇ ಗೆಲ್ಲಬೇಕು ಅನ್ನೋದು ಅವನ ಹಟ. ದೊಡ್ಡ ತಂಡಗಳ ಸವಾರರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ.

(4/6)
ಈಗ ನನ್ನ ಮನಸ್ಸು ಬದಲಿಸಿದ ವಿಷಯ. 1913, ಪಿರನೀಸ್ ಪರ್ವತ. ಯೂಜೀನ್ ಕ್ರಿಸ್ತೋಫ್ ಗೆಲ್ಲೋ ಸ್ಥಿತಿಯಲ್ಲಿದ್ದ. ತೂರ್ಮಾಲೆ ಘಾಟಿ ಇಳಿಯುವಾಗ ಸೈಕಲ್ಲಿನ ಮುಂದಿನ ಫೋರ್ಕ್ ಮುರೀತು. ಬೇರೆ ಸೈಕಲ್ ತಗೊಳ್ಳೋ ಹಾಗಿಲ್ಲ, ಯಾರ ಸಹಾಯವೂ ಇಲ್ಲ. ಸೈಕಲ್ ಹೊತ್ತುಕೊಂಡು ಹತ್ತು ಕಿ.ಮೀ.ಗೂ ಹೆಚ್ಚು ನಡೆದು ಸೇಂಟ್ ಮರಿ ದ ಕಾಂಪಾಂ ಅನ್ನೋ ಹಳ್ಳಿಯ ಕುಲುಮೆಗೆ ಬಂದ. ಬೀಗದ ಕೆಲಸ ಕಲಿತವನಾದ್ದರಿಂದ ತಾನೇ ಫೋರ್ಕ್ ಬೆಸೆದ. ಎರಡು ಕೈಯೂ ಕೆಲಸದಲ್ಲಿದ್ದಾಗ ಒಬ್ಬ ಹುಡುಗ ತಿದಿ ಒತ್ತಿದ, ಅಷ್ಟೇ. ಅದಕ್ಕೂ ದಂಡದ ನಿಮಿಷ ಹಾಕಿದ್ರು! ಕೊನೆಗೆ ಏಳನೇ ಸ್ಥಾನ. ಇನ್ನೂ ಬೇಜಾರಿನ ಸಂಗತಿ ಅಂದ್ರೆ, 1919ರಲ್ಲಿ ಹಳದಿ ಜೆರ್ಸಿ ಹಾಕಿ ಮುಂದಿದ್ದಾಗ ಮತ್ತೆ ಫೋರ್ಕೇ ಮುರೀತು. ಅವನು ಟೂರ್ ಗೆಲ್ಲಲೇ ಇಲ್ಲ.

(5/6)
ಅಮೆರಿಕದ ಕಾನ್ಸಸ್‌ನಲ್ಲಿ ಈಗ ಅನ್‌ಬೌಂಡ್ ಗ್ರಾವೆಲ್ ಅನ್ನೋ ರೇಸ್ ಇದೆ. 2006ರಲ್ಲಿ 34 ಜನರಿಂದ ಶುರುವಾಯ್ತು. 200 ಮೈಲಿ, ಅಂದ್ರೆ ಸುಮಾರು 320 ಕಿ.ಮೀ. ಅಲ್ಲಿನ ಚಕಮಕಿ ಕಲ್ಲು ಟೈರನ್ನ ಚಾಕು ಥರ ಸೀಳುತ್ತೆ. ಅದಕ್ಕೇ 40ರಿಂದ 50 ಮಿ.ಮೀ. ಅಗಲದ ಟ್ಯೂಬ್‌ಲೆಸ್ ಟೈರ್, ಒಳಗೆ ಸೀಲೆಂಟ್. 2023ರಲ್ಲಿ ಅಂಟು ಕೆಸರು ಎಷ್ಟಿತ್ತಂದ್ರೆ ಎಷ್ಟೋ ಜನ ಸೈಕಲ್ ಹೊತ್ತು ನಡೆದರು. ಕೆಸರು ತುಂಬಿದಾಗ ಮೊದಲು ಕೈಕೊಡೋದು, ದೆಗ್ರಾಂಜ್ ಬೇಡ ಅಂದಿದ್ದ ಅದೇ ಡಿರೇಲರ್. ಹಾಗಾಗಿ ತಿಳಿದವರು ಬಿಡಿ ಹ್ಯಾಂಗರ್, ಚೈನ್ ಲಿಂಕ್ ಜೇಬಲ್ಲಿ ಇಟ್ಕೊಂಡೇ ಹೊರಡ್ತಾರೆ.

(6/6)
ಬಿಕಾಂ ಬುದ್ಧಿ ಹೇಳೋದು ಇಷ್ಟು: ಬೆಲೆ ಬೇರೆ, ಕಾಸ್ಟ್ ಬೇರೆ. ಕ್ರಿಸ್ತೋಫ್‌ನ ಫೋರ್ಕ್‌ನ ಬೆಲೆ ಎಷ್ಟೇ ಇರಲಿ, ಅದರ ಕಾಸ್ಟ್ ಒಂದು ಇಡೀ ಟೂರ್.

ನನ್ನ ತೀರ್ಮಾನ: ಸೆಕೆಂಡ್ ಹ್ಯಾಂಡ್ ಸ್ಟೀಲ್ ಫ್ರೇಮ್, ಸ್ಟೀಲ್ ಫೋರ್ಕ್. ತೂಕ ಇದೆ, ಇರಲಿ. ಉಳಿದ ದುಡ್ಡಲ್ಲಿ ಅಗಲದ ಟೈರ್, ಪಂಪ್, ಚೈನ್ ಟೂಲ್, ಹ್ಯಾಂಗರ್. ತಗೊಳ್ಳೋ ಮುಂಚೆ ಫೋರ್ಕ್‌ನ ಬೆಸುಗೆ ಹತ್ರ ಬಿರುಕಿದೆಯಾ ಅಂತ ಟಾರ್ಚ್ ಹಾಕಿ ನೋಡ್ತೀನಿ. ನೀವೂ ನೋಡಿ.

ನಿಮ್ಮ ಸೈಕಲ್ಲಲ್ಲಿ ಮೊದಲು ಕೈಕೊಟ್ಟಿದ್ದು ಯಾವುದು? ಕಾಮೆಂಟಲ್ಲಿ ಹೇಳಿ, ನನ್ನ ಬ್ಯಾಗಿಗೆ ಸೇರಿಸ್ಕೋತೀನಿ.

#ಸೈಕಲ್‌ಇತಿಹಾಸ #ಮಣ್ಣುರಸ್ತೆ #ಕನ್ನಡದಲ್ಲಿ