ಕೊಳಗದಿಂದ ಕಾಯಿದೆಗೆ

1952ರ ಜೂನ್ 18ರಂದು ಮೈಸೂರು ರಾಜ್ಯದ ಹೊಸ ವಿಧಾನಸಭೆ ಬೆಂಗಳೂರಿನ ಅಠಾರಾ ಕಚೇರಿಯಲ್ಲಿ ಮೊದಲ ಬಾರಿಗೆ ಸೇರಿತು. ಇಂದು ಉಚ್ಚ ನ್ಯಾಯಾಲಯವಿರುವುದು ಅದೇ ಕಟ್ಟಡದಲ್ಲಿ. ವಿಧಾನಸೌಧ ಆಗಿನ್ನೂ ಎದ್ದಿರಲಿಲ್ಲ. ಚುನಾಯಿತ ಸದಸ್ಯರು 99 ಮಂದಿ. ಸಭಾಧ್ಯಕ್ಷ ಸ್ಥಾನಕ್ಕೆ ಎಚ್. ಸಿದ್ಧಯ್ಯನವರ ಎದುರು ನಿಂತು ಸೋತವರು ಸಾಗರ-ಹೊಸನಗರ ಕ್ಷೇತ್ರದಿಂದ ಬಂದಿದ್ದ 29ರ ಹರೆಯದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು. ಸಂಖ್ಯಾಬಲವನ್ನು ಬಲ್ಲ ಯಾರಿಗೂ ಆ ಸೋಲು ಅನಿರೀಕ್ಷಿತವಾಗಿರಲಿಲ್ಲ.

ಅವರನ್ನು ಸಭೆಗೆ ಕಳುಹಿಸಿದ್ದು ಒಂದು ಕೊಳಗ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತವನ್ನು ಅಳೆಯಲು ಭೂಮಾಲೀಕರು ಬಳಸುತ್ತಿದ್ದ ಕೊಳಗ ವಾಡಿಕೆಯ ಅಳತೆಗಿಂತ ದೊಡ್ಡದು ಎಂಬುದು ದೀವರ ಗೇಣಿದಾರರ ದೂರು. ಎಚ್. ಗಣಪತಿಯಪ್ಪನವರ ರೈತಸಂಘ ಈ ದೂರಿಗೆ ದನಿಯಾಯಿತು. ಬೇಸಾಯದಿಂದ ಹೊರದೂಡಲ್ಪಟ್ಟ ರೈತರು 1951ರ ಏಪ್ರಿಲ್‌ನಲ್ಲಿ ನೇಗಿಲು ಹೊತ್ತು ಗದ್ದೆಗಿಳಿದಾಗ ಸತ್ಯಾಗ್ರಹ ಆರಂಭವಾಯಿತು. ಸಮಾಜವಾದಿ ಪಕ್ಷ ಅದರ ನೇತೃತ್ವಕ್ಕೆ ಬಂದಿತು. ಜೂನ್‌ನಲ್ಲಿ ಲೋಹಿಯಾ ಬಂದರು, ಸಾಗರದ ರೈಲು ನಿಲ್ದಾಣದಲ್ಲಿ ಬಂಧಿತರಾದರು.

ಇಂತಹ ಕ್ಷೇತ್ರದ ಪ್ರತಿನಿಧಿಗೆ ವಾರವೆಂಬುದು ಎರಡಾಗಿ ಸೀಳುತ್ತದೆ. ಅಧಿವೇಶನ ನಡೆಯುವುದು ಬೆಂಗಳೂರಿನಲ್ಲಿ. ಜಗುಲಿಯ ಮೇಲೆ ಕುಳಿತು ಅಹವಾಲು ಕೇಳಬೇಕಾದ ಹಳ್ಳಿಗಳಿರುವುದು 350 ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿ, ಬೀರೂರಿನ ಮೂಲಕ ಸಾಗುವ, ಆಗ ಮೀಟರ್‌ಗೇಜ್ ಆಗಿದ್ದ ಹಳಿಯ ಆ ತುದಿಯಲ್ಲಿ. ಮಳೆಗಾಲದ ಮಲೆನಾಡಿನಲ್ಲಿ ರೈಲಿಳಿದ ಮೇಲೆಯೇ ನಿಜವಾದ ಪ್ರಯಾಣ. ಸಭೆಯಲ್ಲಿ ಇಲ್ಲದ ಸದಸ್ಯನ ಪ್ರಶ್ನೆ ವ್ಯರ್ಥ. ಊರಿನಲ್ಲಿ ಕಾಣದವನಿಗೆ ಕೇಳಲು ಪ್ರಶ್ನೆಯೇ ಹುಟ್ಟುವುದಿಲ್ಲ.

ಈ ಕೊನೆಯ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ದೆಹಲಿಯ ಕಚೇರಿಯಲ್ಲಿ ಸಂಸತ್ತಿನ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸುವ ನಮ್ಮಂಥವರಿಗೆ, ಪತ್ರಿಕೆ ನೋಡಿ ಕೇಳಿದ ಪ್ರಶ್ನೆ ಯಾವುದು, ಊರಿನಿಂದ ಹೊತ್ತು ತಂದದ್ದು ಯಾವುದು ಎಂಬುದು ಮೊದಲ ಓದಿನಲ್ಲಿಯೇ ತಿಳಿಯುತ್ತದೆ. ಮೊದಲನೆಯದಕ್ಕೆ ಹಳೆಯ ಕಡತದ ಉತ್ತರ ಸಾಕು. ಎರಡನೆಯದು ನಮ್ಮನ್ನು ಸಂಜೆ ಏಳರವರೆಗೆ ಕೂರಿಸುತ್ತದೆ.

ಗೌಡರು 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು ಮರಳಿದರು. ಅವರು ಸಭೆಯಲ್ಲಿಲ್ಲದ ಅವಧಿಯಲ್ಲಿಯೇ 1961ರ ಭೂಸುಧಾರಣಾ ಕಾಯಿದೆ ರೂಪುಗೊಂಡಿತು ಎಂಬುದು ವಿಪರ್ಯಾಸ. ಸ್ವಂತ ಸಾಗುವಳಿಯ ಹೆಸರಿನಲ್ಲಿ ಒಡೆಯನು ಭೂಮಿಯನ್ನು ಹಿಂಪಡೆಯಲು ಅದರಲ್ಲಿ ಅವಕಾಶವಿತ್ತು. ಅಷ್ಟಾಗಿಯೂ ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅನಂತಮೂರ್ತಿಯವರ ‘ಅವಸ್ಥೆ’ಯ ಕೃಷ್ಣಪ್ಪಗೌಡನಲ್ಲಿ ಗೋಪಾಲಗೌಡರನ್ನು ಕಾಣುವವರು ಆ ಪಾತ್ರದ ಬಳಲಿಕೆಯನ್ನು ವೈಯಕ್ತಿಕ ದುರಂತವಾಗಿ ಓದುವುದುಂಟು. ನನಗೆ ಅದರಲ್ಲಿ ಶಾಸನದ ನಿಧಾನಗತಿಯ ಪಾಲೂ ಕಾಣುತ್ತದೆ.

1972ರ ಜೂನ್ 9ರಂದು ಗೌಡರು ತೀರಿಕೊಂಡರು. ಅವರು ಹಂಬಲಿಸಿದ ‘ಕರ್ನಾಟಕ’ ಎಂಬ ಹೆಸರು ರಾಜ್ಯಕ್ಕೆ ದೊರೆತದ್ದು 1973ರ ನವೆಂಬರ್ 1ರಂದು. ದೇವರಾಜ ಅರಸರ ಸರ್ಕಾರದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಬಳಿಕ ಉಳುವವರು ಏಳನೆಯ ನಮೂನೆಯ ಅರ್ಜಿ ಹಿಡಿದು ಭೂನ್ಯಾಯಮಂಡಳಿಗಳ ಮುಂದೆ ಸರದಿ ನಿಂತರು. ಮಲೆನಾಡಿನ ಮುದುಕರು ಅದನ್ನು ಇಂದಿಗೂ ‘ಫಾರಂ ಏಳು’ ಎಂದೇ ಕರೆಯುತ್ತಾರೆ.